ಏನೂ ಬರದಿದ್ರ ಚೊಲೊ

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಹೂವಿನ ಹಾರ. ಸೇವಂತಿಗೆಯ ನಡುವೆ ಅಲ್ಲಲ್ಲಿ ಗುಲಾಬಿ ಇದ್ದ ಚಿತ್ರ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕಿನಲ್ಲಿ ಯಾರೇ ತೀರಿಕೊಳ್ಳಲಿ, ಅವರ ಮನೆಯವರು ನಮ್ಮ ವೆಬ್‌ಸೈಟಿಗೆ ಶ್ರದ್ಧಾಂಜಲಿ ಕೊಟ್ಟರೆ ನಾನು ಫೋಟೊದ ಮೇಲೆ ಅದೇ ಹಾರ ಹಾಕುತ್ತಿದ್ದೆ. ಮುಖ ಸಣ್ಣದಿದ್ದರೆ ಹಾರವನ್ನೂ ಸಣ್ಣದು ಮಾಡುತ್ತಿದ್ದೆ. ಮುದುಕರಿಗೂ ಅದೇ, ಮಕ್ಕಳಿಗೂ ಅದೇ.

ಅಂಗಡಿ ಸಿಂದಗಿ ಬಸ್ ನಿಲ್ದಾಣದ ಎದುರು ಸಂಜೀವಕುಮಾರ ಸರ್ ನಡೆಸುತ್ತಿದ್ದುದು. ಮುಂದೆ ಝೆರಾಕ್ಸ್, ಲಗ್ನಪತ್ರಿಕೆಯ ಟೈಪಿಂಗ್. ಒಳಗೆ ಪರದೆಯ ಹಿಂದೆ ವೆಬ್‌ಸೈಟಿನ ಕೆಲಸ. ಅದರಲ್ಲಿ ಬಸ್ಸಿನ ವೇಳೆ, ಇಂಡಿಯ ಲಿಂಬೆಹಣ್ಣಿನ ದರ, ಮದುವೆಯ ಶುಭಾಶಯ, ಸತ್ತವರ ಸುದ್ದಿ ಎಲ್ಲ ಇರುತ್ತಿತ್ತು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮೊದಲು ಅಂಗಡಿಯ ಕಸ ಗುಡಿಸಿ ಝೆರಾಕ್ಸ್ ತೆಗೆಯುತ್ತಿದ್ದೆ, ಆಮೇಲೆ ಸರ್ ಟೈಪಿಂಗ್ ಕಲಿಸಿದರು. ಪರದೆಯ ಹಿಂದೆ ಕೂತರೆ ಯಾರ ಜೊತೆಗೂ ಮಾತಾಡಬೇಕಿರಲಿಲ್ಲ. ನನಗೆ ಅದೇ ಬೇಕಾಗಿತ್ತು.

ಮೋರಟಗಿಯ ರೇವಪ್ಪ ತನ್ನ ಮಗಳ ಫೋಟೊ ತಂದ ದಿನ ನಾನು ಅಲ್ಲಿಯೇ ಕೂತಿದ್ದೆ. ಶಾಲೆಯ ಕಾರ್ಯಕ್ರಮದಲ್ಲಿ ತೆಗೆದದ್ದು, ಹುಡುಗಿ ಕಣ್ಣಿಗೆ ಬಿಸಿಲು ಬಿದ್ದು ಸ್ವಲ್ಪ ಮುಖ ಕಿವುಚಿದ್ದಳು. ಹೆಸರು ಐಶ್ವರ್ಯ.

“ಕಾಕಾ, ಹುಡುಗಿ ಜೀವಂತ ಅದಾಳಲ್ರಿ,” ಎಂದರು ಸರ್, ಸಣ್ಣ ದನಿಯಲ್ಲಿ.

“ನಿಮ್ಮ ಪಾಲಿಗಿ ಇರಬೇಕು. ನಮ್ಮ ಪಾಲಿಗಿ ಇಲ್ಲ.”

“ತಾರೀಖು ಏನಂತ ಹಾಕೂಣ್ರಿ?”

ಮಗಳು ಮನೆ ಬಿಟ್ಟು ಹೋದ ದಿನವನ್ನೇ ರೇವಪ್ಪ ಹೇಳಿದ. ಅದು ಮೋರಟಗಿ, ಸಿಂದಗಿ ಎರಡಕ್ಕೂ ಗೊತ್ತಿದ್ದ ದಿನ. ಬೇಸಿಗೆಯಲ್ಲಿ ಅವರ ಊರಿಗೆ ತಮಿಳುನಾಡಿನ ತಿರುಚೆಂಗೋಡಿನಿಂದ ಬೋರ್‌ವೆಲ್ ಲಾರಿ ಬಂದಿತ್ತು. ನೀರು ಬಿದ್ದ ಮೇಲೆ ಲಾರಿ ಹೋಯಿತು, ಅದರಲ್ಲಿ ಕೆಲಸಕ್ಕಿದ್ದ ಹುಡುಗನ ಜೊತೆ ಐಶ್ವರ್ಯಳೂ ಹೋದಳು. ರೇವಪ್ಪ ತಲೆಯ ಮೇಲೆ ನೀರು ಹಾಕಿಕೊಂಡು ಮಗಳ ಸೂತಕ ಕಳೆದ.

ನಾನು “ಲಿಂಗೈಕ್ಯಳಾದಳು” ಎಂದು ಟೈಪ್ ಮಾಡಿ ಹಾರ ಹಾಕಿದೆ, ಎರಡೂ ಕಡೆ ದೀಪದ ಚಿತ್ರ ಇಟ್ಟೆ. ಬೇರೆ ಊರಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಚೌಕ ಚೌಕವಾಗಿ ಕಾಣುತ್ತಿದ್ದುದರಿಂದ ಇಂಥ ಸುದ್ದಿಯನ್ನು ಚಿತ್ರ ಮಾಡಿಯೇ ಹಾಕುತ್ತಿದ್ದೆವು. ಎಲ್ಲಿ ತೆರೆದರೂ ಅದು ಹಾಗೆಯೇ ಕಾಣುತ್ತಿತ್ತು.

ಸೈಟಿಗೆ ಯಾರು ಯಾವ ಊರಿನಿಂದ ಬಂದರು, ಯಾವ ಪುಟ ನೋಡಿದರು ಎಂಬುದನ್ನು ತೋರಿಸುವ ಒಂದು ಲೆಕ್ಕದ ವ್ಯವಸ್ಥೆಯನ್ನು ಸರ್ ಜೋಡಿಸಿದ್ದರು. ದಿನಾ ಬೆಳಿಗ್ಗೆ ಅದನ್ನು ತೆರೆದು ನೋಡುವುದು ನನ್ನ ಕೆಲಸ. ಸತ್ತವರ ಪುಟಗಳಿಗೆ ಒಂದು ರೀತಿ ಇರುತ್ತದೆ. ಮೊದಲ ವಾರ ಬಂಧುಗಳು ಬರುತ್ತಾರೆ, ಆಮೇಲೆ ಒಬ್ಬಿಬ್ಬರು, ತಿಂಗಳು ಕಳೆದರೆ ಯಾರೂ ಇಲ್ಲ. ಐಶ್ವರ್ಯಳ ಪುಟ ಹಾಗಿರಲಿಲ್ಲ. ಊರಿನವರೆಲ್ಲ ನೋಡಿ ಮರೆತ ಮೇಲೆ ಈರೋಡಿನಿಂದ ಒಬ್ಬರು ಬಂದರು. ಮರುವಾರ ಮತ್ತೆ ಬಂದರು. ಮಳೆಗಾಲ ಹೋಯಿತು, ಆ ಒಬ್ಬರು ತಪ್ಪಲಿಲ್ಲ. ಈರೋಡ್ ಎಲ್ಲಿದೆ ಎಂದು ಸರ್‌ಗೆ ಕೇಳಿದೆ. “ತಿರುಚೆಂಗೋಡಿನ ಮಗ್ಗಲಕ್ಕ,” ಎಂದರು. ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಐಶ್ವರ್ಯಳ ತಾಯಿ ಸಿದ್ದವ್ವ ಅಂಗಡಿಗೆ ಬಂದದ್ದು ಒಂದು ಸಂತೆಯ ದಿನ. ಸರ್ ಊಟಕ್ಕೆ ಹೋಗಿದ್ದರು. ಆಕೆ ಸಂತೆಯ ಚೀಲ ಕೆಳಗಿಟ್ಟು ಸುತ್ತಲೂ ನೋಡಿದಳು.

“ಜೀವ ಇದ್ದಾಕಿಗೆ ಹಾರ ಹಾಕೀರಂತಲ್ಲ. ತಗೀರಿ ಅದನ್ನ.”

ಕೊಟ್ಟವರೇ ಬಂದು ಹೇಳಬೇಕು, ಅಂಗಡಿಯ ನಿಯಮ ಹಾಗಿದೆ ಎಂದು ಹೇಳಬಹುದಾಗಿತ್ತು. ಆದರೆ ಪುಟ ಹೋದರೆ ಈರೋಡಿನಿಂದ ಬರುವವಳು ಎಲ್ಲಿಗೆ ಬರಬೇಕು ಎಂಬ ಯೋಚನೆ ನನ್ನನ್ನು ಹಿಡಿಯಿತು. ಆಕೆಯನ್ನು ಪರದೆಯ ಹಿಂದೆ ಕರೆದು ಕೂಡಿಸಿದೆ. ಊರಿನ ಹೆಸರು, ಅದರ ಮುಂದಿನ ಒಂದು ಎಂಬ ಅಂಕಿ ತೋರಿಸಿದೆ.

“ಇದನ್ನ ವಾರಾ ಯಾರೋ ನೋಡ್ತಾರ್ರಿ. ಆಕಿ ಹೋದಳಲ್ಲ, ಆ ಕಡಿಯಿಂದ.”

ಸಿದ್ದವ್ವನಿಗೆ ಓದಲು ಬರುತ್ತಿರಲಿಲ್ಲ. ಅಂಕಿಯ ಮೇಲೆ ಬೆರಳಿಟ್ಟಳು.

“ಇದು ನಮ್ಮ ಐಶೂ ಏನು?”

“ಹಂಗಂತ ಅನಸ್ತೈತ್ರಿ.”

“ಆಕಿಗೆ ನಾವು ಕಾಣ್ತೇವೇನು ಇದರಾಗ?”

“ಇಲ್ರಿ. ಆಕಿ ಫೋಟೊ ಅಷ್ಟ. ಕೆಳಗ ನಿಮ್ಮ ಹೆಸರು ಐತಿ, ದುಃಖತಪ್ತ ತಾಯಿ ಸಿದ್ದವ್ವ ಅಂತ.”

ಆಕೆ ಅಂಕಿಯ ಮೇಲಿಂದ ಬೆರಳು ತೆಗೆದಳು. ಎದ್ದು ಚೀಲ ಎತ್ತಿಕೊಂಡು, “ಹಂಗಾರ ಇರ್ಲಿ ಬಿಡು,” ಎಂದಳು. “ನನ್ನ ಹೆಸರರೆ ಓದ್ತಾಳ.”

ಅಂದಿನಿಂದ ಪ್ರತಿ ಸಂತೆಗೆ ಆಕೆ ಪರದೆ ಸರಿಸಿ ಒಂದೇ ಮಾತು ಕೇಳುತ್ತಿದ್ದಳು. “ಬಂದಿದ್ಲೇನು ತಂಗಿ?” ನಾನು “ಬಂದಿದ್ಲರಿ” ಎನ್ನುತ್ತಿದ್ದೆ. ಅಷ್ಟಕ್ಕೆ ಆಕೆಯ ಮುಖ ಸಡಿಲಾಗುತ್ತಿತ್ತು. ಮಗಳು ಮನೆಗೆ ಬಂದು ಚಹಾ ಕುಡಿದು ಹೋದಳೆಂದರೂ ಅದಕ್ಕಿಂತ ಹೆಚ್ಚಿಗೆ ಸಡಿಲಾಗುತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಸೈಟು ಒಮ್ಮೆ ಪೂರ್ತಿ ಬಂದಾಯಿತು. ನಮಗೆ ಗೊತ್ತೇ ಆಗಲಿಲ್ಲ. ಜಾಹೀರಾತು ಕೊಟ್ಟಿದ್ದ ಮುದ್ದೇಬಿಹಾಳದ ಬಟ್ಟೆ ಅಂಗಡಿಯವರು ಫೋನ್ ಮಾಡಿ, “ನಿಮ್ಮ ಅಂಗಡಿ ಬಾಗಿಲಾ ಹಾಕಿ ಮೂರು ದಿನಾತು, ನೀವು ಒಳಗ ಕುಂತು ಏನ್ ಮಾಡಾಕತ್ತೀರಿ?” ಎಂದು ನಕ್ಕರು. ಸರ್‌ಗೆ ಅದು ನಾಟಿತು. ಲೆಕ್ಕದ ವ್ಯವಸ್ಥೆಯಲ್ಲಿಯೇ ಎಚ್ಚರಿಕೆ ಇಡುವ ಅನುಕೂಲವಿದೆ ಎಂದು ಎಲ್ಲೋ ಓದಿಕೊಂಡು ಬಂದರು. ಬರುವವರು ಒಮ್ಮೆಲೇ ಕಡಿಮೆಯಾದರೆ ಸೈಟು ಕೆಟ್ಟಿದೆ ಎಂದು ತಿಳಿದು ಅದು ತಾನೇ ಮೇಲ್ ಕಳಿಸಬೇಕು. ಸರ್ ಅದನ್ನು ಅಲಾರಾಮ್ ಎಂದೇ ಕರೆಯುತ್ತಿದ್ದರು. ಇಡೀ ಸೈಟಿಗೆ ದಿನದ ಅಲಾರಾಮ್ ಇಟ್ಟರು. ಬಸ್ಸಿನ ಪುಟಕ್ಕೆ, ಲಿಂಬೆ ದರದ ಪುಟಕ್ಕೆ ಬೇರೆ ಬೇರೆ ಇಟ್ಟು ತೋರಿಸಿ, “ಇನ್ನೊಂದು ನೀ ಇಟ್ಟು ನೋಡು,” ಎಂದು ಹೊರಗೆ ಹೋದರು.

ನಾನು ಐಶ್ವರ್ಯಳ ಪುಟವನ್ನು ಆರಿಸಿದೆ. ಒಂದು ವಾರ ಈ ಪುಟಕ್ಕೆ ಯಾರೂ ಬರದಿದ್ದರೆ ಸೋಮವಾರ ಬೆಳಿಗ್ಗೆ ತಿಳಿಸು ಎಂದು ಇಟ್ಟೆ.

ಸರ್ ಬಂದು ಪಟ್ಟಿಯನ್ನು ನೋಡಿದರು. ನನ್ನ ಮುಖ ನೋಡಿದರು. “ಸತ್ತೋರ ಪುಟಕ್ಕ ಅಲಾರಾಮ್ ಇಟ್ಟೀಯಲ್ಲ, ಇರಮಾ. ಅವರು ಏಳ್ತಾರೇನು?” ಎಂದು ನಕ್ಕರು. ನಾನು ತಲೆ ತಗ್ಗಿಸಿದ್ದಕ್ಕೆ ನಗು ನಿಲ್ಲಿಸಿದರು. ಸಂತೆಯ ದಿನ ಪರದೆಯ ಹಿಂದೆ ಯಾರು ಬಂದು ಹೋಗುತ್ತಾರೆಂದು ಅವರಿಗೆ ಮೊದಲೇ ಗೊತ್ತಿತ್ತೆಂದು ಆಗ ತಿಳಿಯಿತು. “ಇರ್ಲಿ,” ಎಂದರು.

ಸಿದ್ದವ್ವನಿಗೂ ಹೇಳಿದೆ.

“ಆಕಿ ಬರಲಿಲ್ಲಂದ್ರ ನಮಗ ಸುದ್ದಿ ಬರ್ತೈತ್ರಿ.”

“ಬಂದ್ರ?”

“ಬಂದ್ರ ಏನೂ ಬರಂಗಿಲ್ರಿ.”

ಆಕೆ ಅದನ್ನು ಮನಸ್ಸಿನಲ್ಲಿಯೇ ತಿರುಗಿಸಿ ನೋಡಿದಳು. “ಅಂದ್ರ ಏನೂ ಬರದಿದ್ರ ಚೊಲೊ.”

“ಹೌದ್ರಿ.”

ಅಲಾರಾಮ್ ಮೊದಲ ಸಲ ಹೊಡೆದದ್ದು ಎಳ್ಳ ಅಮಾವಾಸ್ಯೆಯ ಮರುದಿನ. ಬೆಳಿಗ್ಗೆ ಮೇಲ್ ತೆರೆದರೆ ಒಂದರ ಕೆಳಗೊಂದು. ಸೈಟಿಗೆ ಬರುವವರು ನಿಂತೇ ಹೋಗಿದ್ದಾರೆ, ಬಸ್ಸಿನ ಪುಟ ಖಾಲಿ, ಲಿಂಬೆಯ ಪುಟ ಖಾಲಿ. ಸರ್ ಹೌಹಾರಿದರು. ಸೈಟು ಇಟ್ಟುಕೊಂಡಿದ್ದ ಕಂಪನಿಯವರಿಗೆ ಫೋನ್ ಹಚ್ಚಿ ಬೈದರು. ಅವರು ಎಲ್ಲ ಸರಿಯಿದೆ ಎಂದರು. ಸರ್ ಇನ್ನೂ ಜೋರಾಗಿ ಬೈದರು. ಕೊನೆಗೆ ಇಂಡಿಯ ಕಾಸಿಂಸಾಬರಿಗೆ ಫೋನ್ ಮಾಡಿ ಅಲ್ಲಿ ಸೈಟು ತೆರೆಯುತ್ತದೆಯೇ ಎಂದು ಕೇಳಿದರು. ಕಾಸಿಂಸಾಬರು ಲಿಂಬೆ ಮಾರುಕಟ್ಟೆಯಿಂದ ನಮಗೆ ದರ ಕಳಿಸುವವರು. ಫೋನಿನಲ್ಲಿ ಅವರ ದನಿ ಎಷ್ಟು ದೊಡ್ಡದೆಂದರೆ ಪರದೆಯ ಹಿಂದೆ ನನಗೂ ಕೇಳುತ್ತಿತ್ತು.

“ಸಂಜೀವಪ್ಪಾ, ನಿನ್ನಿ ನೀ ಎಲ್ಲಿದ್ದಿ?”

“ಹೊಲದಾಗ.”

“ಏನ್ ತಿಂದಿ?”

“ಸಜ್ಜಿ ಕಡಬು, ಎಣ್ಣೆಗಾಯಿ... ಯಾಕ್ರಿ?”

“ಮತ್ತ ಉಳಿದ ಮಂದಿ ನಿನ್ನ ಕಂಪ್ಯೂಟರ್ ಮುಂದ ಕುಂತು ಲಿಂಬಿ ಹಣ್ಣಿನ ದರ ನೋಡಬೇಕಿತ್ತೇನು? ನಾನ ಗೆಳ್ಯಾರ ಹೊಲದಾಗ ಉಂಡು ಮಲಗಿದ್ದೆ.”

ಸರ್ ಫೋನ್ ಇಟ್ಟು ಗೋಡೆಯ ಕ್ಯಾಲೆಂಡರ್ ನೋಡಿದರು. ಆ ದಿನ ನಮ್ಮ ಕಡೆ ಎತ್ತಿನ ಬಂಡಿ, ಟ್ರ್ಯಾಕ್ಟರ್ ಎಲ್ಲ ಹೊಲಕ್ಕೆ ಹೋಗುತ್ತವೆ. ತಂದ ಅಡಿಗೆಯನ್ನು ಬೆಳೆಗೆ ಎರಚಿ ಚರಗ ಚೆಲ್ಲಿ, ಕಂಡವರನ್ನೆಲ್ಲ ಕರೆದು ಉಣಿಸಿ, ಸಂಜೆಗೆ ತಿರುಗಿ ಬರುತ್ತಾರೆ. ಊರಿನಲ್ಲಿ ನಾಯಿಗಳಷ್ಟೇ ಇರುತ್ತವೆ. ಅದು ಅಲಾರಾಮಿಗೆ ಗೊತ್ತಿರಲಿಲ್ಲ. ಅಂದಿನಿಂದ ಮೇಲ್ ಬಂದರೆ ಮೊದಲು ಕ್ಯಾಲೆಂಡರ್ ನೋಡಬೇಕೆಂದು ಸರ್ ಹೇಳಿದರು.

ಅವರು ನಗುತ್ತ ಚಹಾ ಹೇಳಲು ಹೋದಾಗ ನಾನು ಹಿಂದಿನ ದಿನದ ಲೆಕ್ಕ ತೆರೆದೆ. ನಾಲ್ಕೂ ತಾಲೂಕಿನಲ್ಲಿ ಯಾರೂ ಇಲ್ಲವೆನ್ನುವಷ್ಟು ಕಡಿಮೆ. ಈರೋಡಿನಿಂದ ಮಾತ್ರ ಆಕೆ ಬಂದಿದ್ದಳು. ಬಂದು ಹೋಗಿ ಮತ್ತೆ ಬಂದಿದ್ದಳು. ಎಲ್ಲರೂ ಹೊಲದಲ್ಲಿದ್ದ ದಿನ ಅಷ್ಟು ದೂರ ಕೂತು ತನ್ನದೇ ಫೋಟೊವನ್ನು ಮತ್ತೆ ಮತ್ತೆ ತೆರೆದಿದ್ದಳು.

ಮುಂದಿನ ಸಂತೆಗೆ ಬಂದ ಸಿದ್ದವ್ವನಿಗೆ ಅದನ್ನು ಹೇಳಿದೆ.

“ಚರಗದ ದಿನಾನ?”

“ಹೌದ್ರಿ. ಮತ್ತ ಮತ್ತ ತಗದಾಳ.”

ಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಬಂಡ್ಯಾಗ ಆಕೀದ ಜಾಗಾ ಹಂಗ ಇತ್ತು,” ಎಂದಳು. “ಬುಟ್ಟಿ ಹಿಡಕೊಂಡು ಹಿಂದ ಕೂಡ್ತಿದ್ಲು. ಈ ಸಲ ಬುಟ್ಟಿ ಉರುಳಿ ಪಲ್ಲೆ ಚೆಲ್ತು. ಅವರು ಯಾರ್ನೂ ಬೈಲಿಲ್ಲ.” ಅವರು ಎಂದರೆ ಗಂಡ. ಆಮೇಲೆ ನನ್ನ ಕೈ ಹಿಡಿದಳು. “ತಂಗಿ, ಪುಟ ಇರ್ಲಿ. ಹಾರ ಅಷ್ಟ ತಗದ್ರ ಬರತೈತೇನು? ಅವರಂತೂ ಇದನ್ನ ನೋಡಂಗಿಲ್ಲ. ಆಕಿಗೆ ತಿಳೀತೈತಿ, ನಮ್ಮವ್ವ ತಗಸ್ಯಾಳ ಅಂತ.”

ನಾನು ಸರ್ ಕಡೆ ನೋಡಿದೆ. ಅವರು ಝೆರಾಕ್ಸ್ ಯಂತ್ರದ ಮುಚ್ಚಳ ಎತ್ತಿ, ಅದರಲ್ಲಿ ಏನೋ ಹುಡುಕುತ್ತಿರುವಂತೆ ಬಗ್ಗಿದರು. ನಾನು ಹಾರ ತೆಗೆದೆ. ಎರಡೂ ಕಡೆಯ ದೀಪ ತೆಗೆದೆ. ಲಿಂಗೈಕ್ಯಳಾದಳು ಎಂಬ ಸಾಲನ್ನೂ ತಾರೀಖನ್ನೂ ದುಃಖತಪ್ತ ಎಂಬ ಮಾತನ್ನೂ ತೆಗೆದೆ. ಉಳಿದದ್ದು ಬಿಸಿಲಿಗೆ ಮುಖ ಕಿವುಚಿದ ಹುಡುಗಿ, ಕೆಳಗೆ ತಾಯಿ ಸಿದ್ದವ್ವ ಎಂಬ ಹೆಸರು. ಸಿದ್ದವ್ವ ನೋಡಿ, “ಈಗ ಮನುಷ್ಯಾಳು ಆದ್ಲು,” ಎಂದಳು.

ಆ ವಾರ ಈರೋಡಿನಿಂದ ಆಕೆ ಬಂದಳು. ಒಂದೇ ದಿನ ಎಷ್ಟೋ ಸಲ ತೆರೆದಿದ್ದಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಅದನ್ನು ಕೇಳಿ ಸಿದ್ದವ್ವ ಸಂತೆಯಿಂದ ತಂದಿದ್ದ ಚುರುಮುರಿ, ಮಿರ್ಚಿ ನಮಗಿಬ್ಬರಿಗೂ ಕೊಟ್ಟಳು.

ಅದರ ನಂತರದ ಸೋಮವಾರ ಮೇಲ್ ಬಂತು. ಒಂದೇ ಒಂದು. ನಾನು ಇಟ್ಟದ್ದು. ಈ ಪುಟಕ್ಕೆ ಕಳೆದ ವಾರ ಯಾರೂ ಬಂದಿಲ್ಲ.

ನಾನು ಮೊದಲು ಕ್ಯಾಲೆಂಡರ್ ನೋಡಿದೆ. ಅಮಾವಾಸ್ಯೆ ಇರಲಿಲ್ಲ. ತಮಿಳುನಾಡಿನ ಹಬ್ಬವೇನಾದರೂ ಇದೆಯೇ ಎಂದು ಸರ್‌ಗೆ ಕೇಳಿದೆ. ಅವರು ಇರಬಹುದು, ಪೊಂಗಲ್ ಹತ್ತಿರ ಬಂತಲ್ಲ ಎಂದರು. ಆದರೆ ಅವರೂ ಕುರ್ಚಿ ಎಳೆದುಕೊಂಡು ಕೂತರು. ಪುಟ ತೆರೆಯಿತು. ಚಿತ್ರ ಸರಿಯಿತ್ತು. ಹಾರ ತೆಗೆಯುವಾಗ ನಾನು ಏನಾದರೂ ಕೆಡಿಸಿರಬಹುದು ಎಂದು ಸರ್ ಒಂದೊಂದೇ ನೋಡಿದರು. ಏನೂ ಕೆಟ್ಟಿರಲಿಲ್ಲ. ನಮ್ಮ ಅಂಗಡಿಯ ಕಂಪ್ಯೂಟರ್ ಲೆಕ್ಕಕ್ಕೆ ಬರದಂತೆ ಮಾಡಿದ್ದೆವು, ಹಾಗಾಗಿ ಹೊರಗಿನಿಂದ ನೋಡಬೇಕೆಂದು ಕಾಸಿಂಸಾಬರಿಗೆ ಹೇಳಿ ಇಂಡಿಯಲ್ಲಿ ತೆಗೆಸಿದರು. “ಛಂದ ತೆರೀತಲ್ಲೋ,” ಎಂದರು ಅವರು. “ಹುಡುಗಿ ಯಾರು?”

ಕೆಟ್ಟಿರಬೇಕಿತ್ತು. ಜೀವನದಲ್ಲಿ ಮೊದಲ ಸಲ ಒಂದು ಯಂತ್ರ ಕೆಟ್ಟಿರಲಿ ಎಂದು ನಾನು ದುವಾ ಮಾಡಿದೆ.

ಸಿದ್ದವ್ವನಿಗೆ ಹೇಳಲೇಬೇಕಾಯಿತು. “ಬರಲಿಲ್ರಿ ಈ ವಾರ,” ಎಂದೆ. ಆಕೆ ಅಳುತ್ತಾಳೆಂದುಕೊಂಡಿದ್ದೆ. ಆಕೆಯ ಮುಖದಲ್ಲಿ ಬೆಳಕು ಬಂತು.

“ಹೊಂಟಾಳ,” ಎಂದಳು.

“ಏನ್ರಿ?”

“ಹಾರ ತಗದದ್ದು ನೋಡ್ಯಾಳ. ಊರಿಗಿ ಹೊಂಟಾಳ. ದಾರ್ಯಾಗಿದ್ದಾಕಿ ಕಂಪ್ಯೂಟರ್ ಎಲ್ಲಿಂದ ನೋಡ್ತಾಳ?”

ನನಗೂ ಹಾಗೇ ಇರಲಿ ಅನ್ನಿಸಿತು. ಅಂದಿನಿಂದ ಸಿದ್ದವ್ವ ಒಂದಲ್ಲ ಒಂದು ನೆವ ಮಾಡಿ ದಿನಾ ಸಿಂದಗಿಗೆ ಬರತೊಡಗಿದಳು. ಒಂದು ದಿನ ಹಲ್ಲು ನೋವು, ಒಂದು ದಿನ ಬಳೆ. ಬಿಜಾಪುರದ ಬಸ್ಸುಗಳು ನಿಲ್ಲುವ ಕಡೆ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಪರದೆ ಸರಿಸಿದರೆ ನನಗೆ ಕಾಣುತ್ತಿದ್ದಳು. ಬಸ್ಸು ಬಂದರೆ ಎದ್ದು ಬಾಗಿಲ ಹತ್ತಿರ ಹೋಗುತ್ತಿದ್ದಳು, ಇಳಿಯುವವರೆಲ್ಲ ಇಳಿದ ಮೇಲೂ ಒಳಗೆ ಇಣುಕಿ ನೋಡುತ್ತಿದ್ದಳು. ಚೀಲದಲ್ಲಿ ಒಂದು ಸೀರೆ ಇಟ್ಟುಕೊಂಡಿದ್ದಳು. ಮಗಳು ಯಾವ ಬಟ್ಟೆಯಲ್ಲಿ ಬರುತ್ತಾಳೋ, ಊರೊಳಗೆ ಹಾಗೇ ಕರೆದುಕೊಂಡು ಹೋಗಬಾರದಲ್ಲ ಎಂದು.

ಮುಂದಿನ ಸೋಮವಾರ ಮೇಲ್ ಬರಲಿಲ್ಲ. ಸಿದ್ದವ್ವ ಅಂಗಡಿಯ ಮೆಟ್ಟಿಲಲ್ಲಿಯೇ, “ಏನೂ ಬಂದಿಲ್ಲಲ್ಲ?” ಎಂದಳು. ಲೆಕ್ಕ ತೆರೆದೆ. ಒಂದು ಎಂದು ಇತ್ತು. ಆಕೆಗೆ ಆ ಅಂಕಿಯಷ್ಟು ಓದಲು ಬಂದುಬಿಟ್ಟಿತ್ತು.

“ಒಂದು ಐತಲ್ಲ.”

“ಅದು ಇಂಡೀದ್ರಿ,” ಎಂದೆ. “ಸರಿ ಐತೋ ಇಲ್ಲೋ ನೋಡಾಕ ನಾವ ತಗಸಿದ್ದು.”

ಆಕೆ ಬೆರಳನ್ನು ಅಂಕಿಯ ಮೇಲಿಂದ ತೆಗೆಯಲಿಲ್ಲ.

ಅದರ ಮುಂದಿನ ಸೋಮವಾರ ಮೇಲ್ ಬಂತು. ಆಮೇಲಿನ ಸೋಮವಾರವೂ ಬಂತು.

ಒಂದು ಮಧ್ಯಾಹ್ನ ರೇವಪ್ಪ ಬಂದ. ನಾನು ಪರದೆಯ ಸಂದಿಯಿಂದ ನೋಡಿದೆ. ರುಮಾಲು ಇರಲಿಲ್ಲ, ಬರಿತಲೆಯಲ್ಲಿ ಬಂದಿದ್ದ. ಸರ್ ಎದ್ದು ಕುರ್ಚಿ ಕೊಟ್ಟರು. ಆತ ಕೂಡಲಿಲ್ಲ.

“ಬೋರ್‌ವೆಲ್ ಏಜೆಂಟ್ ಧೂಳಪ್ಪ ಮನೀಗಿ ಬಂದಿದ್ದ,” ಎಂದ. “ಆಕಿ ಹೋದ್ಲಂತ. ಕಾಮಣಿ ಆಗಿ ಕಣ್ಣು, ಮೈ ಎಲ್ಲ ಹಳದಿ ಆಗಿತ್ತಂತ. ಆ ಹುಡುಗಗ ನಮ್ಮ ಮನಿ ಫೋನ್ ಗೊತ್ತಿಲ್ಲ, ಲಾರಿ ಮಂದಿ ಕೈಯಾಗ ಹೇಳಿ ಕಳಿಸ್ಯಾನ. ಅದು ಇಷ್ಟು ದಿನಕ್ಕ ಮುಟ್ಟೈತಿ.”

ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ನಿಂತಿತು.

“ನಾ ಕೊಟ್ಟಿದ್ದು ಐತಲ್ಲ,” ಎಂದ ರೇವಪ್ಪ. “ಉಳಿದದ್ದು ಹಂಗ ಇರ್ಲಿ. ತಾರೀಖು ಅಷ್ಟ ಬದಲು ಮಾಡ್ರಿ.”

ಹೊಸ ತಾರೀಖನ್ನು ಹೇಳಿದ. ನಾನು ಇಟ್ಟ ಅಲಾರಾಮಿನ ಮೊದಲ ಮೇಲ್ ಬಂದದ್ದು ಅದರ ಮರುದಿನ. ಸಿದ್ದವ್ವ “ಹೊಂಟಾಳ” ಎಂದದ್ದು ಅದೇ ವಾರ.

ತಾರೀಖು ಬದಲು ಮಾಡಲು ಪುಟ ತೆರೆಯಲೇಬೇಕಾಯಿತು. ಸರ್ ಪರದೆ ಸರಿಸಿದರು. ರೇವಪ್ಪ ನನ್ನ ಹಿಂದೆ ಬಂದು ನಿಂತ. ಫೋಟೊ ಮೂಡಿತು.

“ಹಾರ ಯಾರು ತಗದ್ರು?”

ನನ್ನ ಕೈ ಮೌಸಿನ ಮೇಲೆಯೇ ಇತ್ತು. “ಕಂಪ್ಯೂಟರ್‌ದಾಗ ಏನರೆ ಆಗಿರಬೇಕ್ರಿ ಕಾಕಾ,” ಎಂದರು ಸರ್. ರೇವಪ್ಪ ಮುಂದಕ್ಕೆ ಬಗ್ಗಿದ. ಕೆಳಗೆ ತನ್ನ ಹೆಂಡತಿಯ ಹೆಸರನ್ನು ಓದಿದ. ಮತ್ತೆ ಮೇಲೆ ನೋಡಿದ.

“ಹಾರ ಇಲ್ದಂಗನ ಚೊಲೊ ಕಾಣ್ತಾಳ,” ಎಂದ.

ನಾವು ಕಾದೆವು. ಆತ ಹೆಗಲ ಮೇಲಿನ ಟವಲಿನಿಂದ ಮುಖವನ್ನೆಲ್ಲ ಒಮ್ಮೆ ಒರೆಸಿಕೊಂಡ.

“ಹಾಕ್ರಿ,” ಎಂದ.

ಹಾಕಿದೆ. ಅದೇ ಹಾರ. ಅಳತೆ ನನಗೆ ನೆನಪಿತ್ತು. ದೀಪ ಹಚ್ಚಿದೆ, ಹೋದ ಸಾಲನ್ನು ಮತ್ತೆ ಬರೆದೆ, ಹೊಸ ತಾರೀಖು ಹಾಕಿದೆ. ಆತ ಹೋಗುವಾಗ ರಸ್ತೆ ದಾಟಿ ಬಿಜಾಪುರದ ಬಸ್ಸಿನ ಕಟ್ಟೆಯ ಕಡೆ ನಡೆದ. ಸಿದ್ದವ್ವ ಅಲ್ಲಿ ಕೂತಿರುವುದು ಆತನಿಗೂ ಗೊತ್ತಿತ್ತು. ಆಕೆಗೆ ಇನ್ನೂ ಹೇಳಿರಲಿಲ್ಲವೆಂದು ಕಾಣುತ್ತದೆ. ಆತ ಆಕೆಯ ಮಗ್ಗುಲಲ್ಲಿ ಕೂತ. ಬಸ್ಸು ಬಂತು, ಆಕೆ ಏಳಲು ಹೋದಳು. ಆತ ಆಕೆಯ ಕೈ ಹಿಡಿದು ಕೂಡಿಸಿದ. ನಾನು ಪರದೆ ಎಳೆದೆ.

ಆ ವಾರ ಐಶ್ವರ್ಯಳ ಪುಟಕ್ಕೆ ಬಹಳ ಜನ ಬಂದರು. ಸಿಂದಗಿಯಿಂದ, ಇಂಡಿಯಿಂದ, ಮುದ್ದೇಬಿಹಾಳದಿಂದ, ಬಸವನ ಬಾಗೇವಾಡಿಯಿಂದ. ನಿಜವಾಗಿ ಹೋದಳಂತೆ ಎಂದು ಒಬ್ಬರಿಗೊಬ್ಬರು ಹೇಳಿ ತೆರೆಸಿ ನೋಡಿದರು. ಆ ಪುಟವನ್ನು ಅಷ್ಟು ಮಂದಿ ಹಿಂದೆಂದೂ ನೋಡಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಮೇಲ್ ತೆರೆದೆ. ಏನೂ ಬಂದಿರಲಿಲ್ಲ.